ಟ್ರಂಕಿನ ಹಿಂದಿನ ಗೋಡೆ

ಬಾಡಿಗೆ ಮನೆಯ ಗೋಡೆಗೆ ಬೂಷ್ಟು ಬಂದರೆ ಮನೆಯ ಯಜಮಾನರನ್ನು ಬಾಯಿ ತುಂಬ ಬೈಯಬಹುದು. ಬಾಡಿಗೆ ಮನೆಯಲ್ಲಿರುವವರಿಗೆ ಇರುವ ಸುಖವೇ ಅದೊಂದು. ಯಶೋದಮ್ಮನಿಗೆ ಆ ಸುಖವೂ ಇರಲಿಲ್ಲ. ಅವಳ ಕೋಣೆಯ ಬೂಷ್ಟನ್ನು ಅವಳೇ ಸಾಕಿದ್ದಳು. ಅದೂ ಮೂರು ತಿಂಗಳಿಂದ, ಯಾರ ಕಣ್ಣಿಗೂ ಬೀಳದ ಹಾಗೆ ಟ್ರಂಕನ್ನು ಅಡ್ಡ ಇಟ್ಟುಕೊಂಡು.

ನಯಾಪೈಸೆ ಬಂದ ಮರುವರ್ಷದ ಮಾತು ಇದು. ಅವಳ ಗಂಡ ರಾಮಾಂಜಿನಪ್ಪ ಶಿಡ್ಲಘಟ್ಟದ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ. ನಗರಗೆರೆ ಕಡೆ ತವರು, ಅತ್ತೆಮನೆ ಎರಡೂ ಮನೆಯವರಿಗೆ ಹೊಲ, ಬಾವಿ, ಎತ್ತು ಎಲ್ಲ ಇದ್ದವು. ಆದರೆ ಸಂಬಳ ಎಲ್ಲಿಯೋ ಸಂಸಾರ ಅಲ್ಲಿ ತಾನೆ? ಅಕ್ಕಯ್ಯಮ್ಮ ಎಂಬ ಮುದುಕಿಯ ಮನೆಯಲ್ಲಿ ಒಂದು ಕೋಣೆ, ಒಂದು ಒಲೆಮನೆ ಬಾಡಿಗೆಗೆ ಹಿಡಿದಿದ್ದರು. ಕೋಣೆಯ ಮಣ್ಣುಗೋಡೆಯ ಆಚೆಗೇ ಅಕ್ಕಯ್ಯಮ್ಮನ ಹುಳದ ಮನೆ. ರಾತ್ರಿಹಗಲು ರೇಷ್ಮೆಹುಳ ಸೊಪ್ಪು ಮೇಯುವ ಸದ್ದು ಈಚೆಗೆ ಸಣ್ಣ ಮಳೆ ಹನಿದ ಹಾಗೆ ಕೇಳಿಸುತ್ತಿತ್ತು.

ಬೀಗದ ಕೈ ಕೊಡುವಾಗಲೇ ಅಕ್ಕಯ್ಯಮ್ಮ ಹೇಳಿದ್ದಳು: "ನಮ್ಮನೇಲಿ ಒಂದೇ ಕಟ್ಟಳೆ ಕಣಮ್ಮ. ಹುಳ ಅಂದ್ರೆ ದೇವ್ರು, ಮೈಲಿಗೆ ತಡೆಯಲ್ಲ. ಹೊರಗಾದ ದಿನ ನಂಗೊಂದು ಮಾತು ಹೇಳ್ಬೇಕು. ಮೂರು ದಿನ ಕೊಟ್ಟಿಗೆ ಪಕ್ಕದ ಮಾಡಲ್ಲಿ ಇರ್ಬೇಕು. ನಾಲ್ಕನೇ ದಿನ ತಲೆಗೆ ನೀರು ಹಾಕ್ಕೊಂಡು ಒಳಗೆ ಬಾ. ನಾನೂ ಹಂಗೇ ಮಾಡಿದ್ದು, ನನ್ನತ್ತೇನೂ ಹಂಗೇ ಮಾಡಿದ್ದು."

ಅದೇನು ಹೊಸದಲ್ಲ, ತವರಲ್ಲೂ ಇತ್ತು. ಆದರೆ ತವರಿನ ಹಿತ್ತಿಲು ಬೀದಿಗೆ ಕಾಣುತ್ತಿರಲಿಲ್ಲ. ಇಲ್ಲಿಯ ಮಾಡು, ಮುಂಗೋಡೆಯಿಲ್ಲದ ಬರೀ ಸೂರು, ಸರಿಯಾಗಿ ಬೀದಿ ಬಾವಿಯ ಎದುರಿಗೆ. ಯಶೋದಮ್ಮನಿಗೆ ಮದುವೆಯಾಗಿ ಐದು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಪ್ರತಿ ತಿಂಗಳೂ ಅವಳು ಚಾಪೆ, ತಟ್ಟೆ, ಚೊಂಬು ಹಿಡಿದು ಅಲ್ಲಿ ಹೋಗಿ ಕೂರುವುದೂ, ನೀರಿಗೆ ಬಂದ ಹೆಂಗಸರು "ಈ ಸಲಾನೂ ಆಯ್ತಾ ತಾಯಿ?" ಅಂತ ಲೊಚಗುಟ್ಟುವುದೂ ನಡೆದೇ ಇತ್ತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ, ಅವರ ಕನಿಕರ ಅವಳನ್ನು ಸುಡುತ್ತಿತ್ತು.

ಆ ಶ್ರಾವಣದಲ್ಲಿ ಅವಳು ಮಾಡಿಗೆ ಹೋಗಲಿಲ್ಲ. ಇಪ್ಪತ್ತು ದಿನ ಮೀರಿತು. ಹುಳ ಮೇವು ಬಿಟ್ಟು ಪೊರೆ ಕಳಚುವ ಜ್ವರ ಎಷ್ಟನೆಯದು ಎಂದು ಎಣಿಸುವ ಅಕ್ಕಯ್ಯಮ್ಮ ಬಾಡಿಗೆಯವಳ ದಿನಗಳನ್ನೂ ಅದೇ ಬೆರಳಲ್ಲಿ ಎಣಿಸುತ್ತಿದ್ದಳು. ಯಶೋದಮ್ಮ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ, ಬರೀ ನಾಚಿಕೊಂಡಳು. ಅಷ್ಟು ಸಾಕಾಯಿತು. ಮುದುಕಿ ಬೀದಿಗೆಲ್ಲ ಸಕ್ಕರೆ ಹಂಚಿದಳು. ನಗರಗೆರೆಯಿಂದ ಅತ್ತೆ ತುಪ್ಪ ಕಾಯಿಸಿ ಕಳಿಸಿದಳು. ಇಪ್ಪತ್ತೊಂದನೇ ದಿನ ಬೆಳಿಗ್ಗೆ ಯಶೋದಮ್ಮ ಹೊರಗಾದಳು.

ಗಂಡನಿಗೆ ಹೇಳಿದಳು. ಅವನು ಸೈಕಲ್ಲಿನ ಚೈನಿಗೆ ಎಣ್ಣೆ ಬಿಡುತ್ತಾ ಕೂತ. "ಈಗ ಬೇಡ. ಅಮ್ಮನ ತುಪ್ಪ ಇನ್ನೂ ಡಬ್ಬೀಲೇ ಇದೆ. ಸ್ವಲ್ಪ ದಿನ ಹೋಗ್ಲಿ, ಹೇಳಣ," ಅಂದು ಕಚೇರಿಗೆ ಹೋದ. ಸ್ವಲ್ಪ ದಿನ ಎನ್ನುವುದು ಹೇಗೆ ಹೋಗುತ್ತದೆ ಅಂತ ಸುಳ್ಳು ಹೇಳಿದವರಿಗೆಲ್ಲ ಗೊತ್ತು.

ಮೂರು ದಿನ ಕೋಣೆಯೊಳಗೇ ಉಳಿದಳು. ಬಟ್ಟೆಗಳನ್ನು ಬೋಗುಣಿಯಲ್ಲಿ ಒಗೆದು, ನಡುಗೋಡೆಗೆ ದಾರ ಕಟ್ಟಿ ಒಣಹಾಕಿ, ಮುಂದಕ್ಕೆ ಟ್ರಂಕು ಸರಿಸಿದಳು. ಬಚ್ಚಲಿಗೆ ಹೋದರೆ ಅಕ್ಕಯ್ಯಮ್ಮನಿಗೆ ಅನುಮಾನ ಬರುತ್ತದೆಂದು ತಲೆಗೆ ನೀರನ್ನೂ ಅದೇ ಮೂಲೆಯಲ್ಲಿ ಹಾಕಿಕೊಂಡಳು. ಸಗಣಿ ಸಾರಿಸಿದ ನೆಲ ನೀರನ್ನೆಲ್ಲ ಕುಡಿಯಿತು, ಗೋಡೆಯ ಬುಡವೂ ಕುಡಿಯಿತು. ಭಾದ್ರಪದದಲ್ಲೂ ಹೀಗೇ, ಆಶ್ವಯುಜದಲ್ಲೂ ಹೀಗೇ.

ಮೊದಲು ಬೂದುಬಣ್ಣದ ಒಂದು ಕಲೆ ಬಂತು. ಬೂದಿ ಹಾಕಿ ಉಜ್ಜಿದಳು. ಅದು ಕಪ್ಪಾಯಿತು. ಸೀಮೆಎಣ್ಣೆ ಒರೆಸಿದಳು. ಅದರ ಮೇಲೆ ಬಿಳಿ ಹೊಟ್ಟಿನಂಥದು ಎದ್ದು ಸೊಂಟದೆತ್ತರಕ್ಕೆ ಏರಿತು. ಬೂಷ್ಟೂ ಚಾಡಿಮಾತೂ ಒಂದೇ ನೋಡಿ, ಒರೆಸಿದಷ್ಟೂ ಹರಡುತ್ತದೆ. ಟ್ರಂಕು ಸಾಲದೆ ಅದರ ಮೇಲೆ ಹಾಸಿಗೆಯ ಸುರುಳಿ ನಿಲ್ಲಿಸಿದಳು. ಮುಗ್ಗಲು ವಾಸನೆಗೆ ದಿನಾ ಸಾಂಬ್ರಾಣಿ ಹಾಕಿದಳು. "ಹಾಕಮ್ಮ ಹಾಕು, ಬಸುರೀಗೆ ಒಳ್ಳೇದು," ಅಂದಳು ಅಕ್ಕಯ್ಯಮ್ಮ, ಹೊಸಿಲಾಚೆ ನಿಂತು.

ಕಾರ್ತಿಕದಲ್ಲಿ ಐದು ದಿನ ಜಡಿಮಳೆ ಹಿಡಿಯಿತು. ಹುಳಗಳು ನಾಲ್ಕನೇ ಜ್ವರದಿಂದ ಎದ್ದು ಹಸಿದಿದ್ದವು, ಇನ್ನು ವಾರದೊಳಗೆ ಗೂಡು ಕಟ್ಟಬೇಕು. ಸೊಪ್ಪಿನ ಕೆಲಸ ಮುನಿಶಾಮಮ್ಮನದು. ಜಂಗಮಕೋಟೆಯಿಂದ ಮದುವೆಯಾಗಿ ಬಂದ ಹೆಣ್ಣು, ಹದಿನೈದು ವರ್ಷದಿಂದ ಆ ಮನೆಯ ಹುಳಕ್ಕೆ ತಾಯಿ. ಎಲೆಯನ್ನು ಕೆನ್ನೆಗೆ ಒತ್ತಿ ನೋಡಿ, ಒಂದು ಹನಿ ತೇವವಿದ್ದರೂ ಸೆರಗಿನಲ್ಲಿ ಒರೆಸಿಯೇ ಹುಳ ಸಾಕುವ ಬಿದಿರು ತಟ್ಟೆಗೆ ಹಾಕುತ್ತಿದ್ದಳು. "ಗೋಡೆ ಕಡೆ ತಟ್ಟೆಗಳು ಯಾಕೋ ತಣ್ಣಗವೆ ಅಮ್ಮ," ಅಂತ ಅವಳು ಒಂದೆರಡು ಸಲ ಹೇಳಿದ್ದನ್ನು ಯಶೋದಮ್ಮ ಈಚೆಯಿಂದ ಕೇಳಿಸಿಕೊಂಡಿದ್ದಳು. ಕೇಳಿಸದವಳ ಹಾಗೆ ಅಕ್ಕಿ ಆರಿಸುತ್ತಾ ಕೂತಿದ್ದಳು.

ಆರನೆಯ ದಿನ ಗೋಡೆ ಕಡೆಯ ತಟ್ಟೆಗಳಲ್ಲಿ ಹುಳಗಳು ಅಲ್ಲಾಡಲಿಲ್ಲ. ಸಂಜೆಗೆ ಸೆಟೆದುಕೊಂಡವು. ಮರುದಿನ ಒಂದೊಂದೂ ಸುಣ್ಣದ ಕಡ್ಡಿಯ ಹಾಗೆ ಬೆಳ್ಳಗಾಗಿತ್ತು. ಅಲ್ಲಿಂದ ಪಕ್ಕದ ತಟ್ಟೆಗೆ, ಅಲ್ಲಿಂದ ಮೇಲಿನದಕ್ಕೆ ಹಬ್ಬಿತು. ಆಚೆ ಮೇಯುವ ಸದ್ದು ಕಡಿಮೆಯಾಗುತ್ತಾ ಬಂದು ಒಂದು ಮಧ್ಯಾಹ್ನ ನಿಂತೇಹೋಯಿತು.

ಅಕ್ಕಯ್ಯಮ್ಮ ಅಳಲಿಲ್ಲ. ಅಂಗಳಕ್ಕೆ ಬಂದು ಮುನಿಶಾಮಮ್ಮನನ್ನು ಕರೆದಳು. "ನಿಜ ಹೇಳೇ. ಹೊರಗಾಗಿದ್ದಾಗ ಒಳಗೆ ಬಂದ್ಯಾ?"

"ಇಲ್ಲಮ್ಮ. ನಂಗೆ ಗೊತ್ತಿಲ್ವಾ?"

"ನಿಂತುಹೋಗೋ ವಯಸ್ಸು ನಿಂದು. ಯಾವತ್ತು ಬರ್ತದೆ ಅಂತ ನಿಂಗೇ ತಿಳಿಯಲ್ಲ. ಈ ಮನೇಲಿ ಹೊರಗಾಗೋ ಹೆಣ್ಣು ಜೀವ ಎರಡೇ. ಯಶೋದಮ್ಮ ಬಸುರಿ. ಇನ್ಯಾರು ಹೇಳು?"

ಮುನಿಶಾಮಮ್ಮ ತುಳಸಿಕಟ್ಟೆಯ ಮುಂದೆ ಕರ್ಪೂರ ಹಚ್ಚಿ ಆರಿಸಿ ಆಣೆ ಮಾಡಿದಳು. ಬಾವಿಕಟ್ಟೆಯ ಹೆಂಗಸರೆಲ್ಲ ಬಿಂದಿಗೆ ಇಳಿಸಿ ನೋಡಿದರು. ಅಕ್ಕಯ್ಯಮ್ಮ ನಂಬಲಿಲ್ಲ. ನಾಳೆಯಿಂದ ಬರಬೇಡ ಅಂದಳು. ಶಿಡ್ಲಘಟ್ಟದಲ್ಲಿ ಆ ಮಾತಿನ ಅರ್ಥ ಅವಳ ಮನೆಗೆ ಬರಬೇಡ ಅನ್ನುವಷ್ಟೇ ಅಲ್ಲ. ಹುಳ ಕೆಡಿಸಿದವಳು ಅನ್ನಿಸಿಕೊಂಡವಳನ್ನು ಯಾವ ಹುಳದ ಮನೆಯವರೂ ಹೊಸಿಲು ದಾಟಿಸುವುದಿಲ್ಲ, ಮುನಿಶಾಮಮ್ಮನಿಗೆ ಬೇರೆ ಕೆಲಸ ಬರುತ್ತಿರಲಿಲ್ಲ.

ಯಶೋದಮ್ಮ ಬಾಗಿಲ ಸಂದಿಯಿಂದ ಎಲ್ಲ ನೋಡಿದಳು. ಬಾಯಿ ತೆರೆದರೆ ಸಾಕಿತ್ತು. ತೆರೆಯಲಿಲ್ಲ. ನಾಲಿಗೆ ಅಂಗುಳಿಗೆ ಅಂಟಿಕೊಂಡಿತು ಅಂತ ಆಮೇಲೆ ಗಂಡನಿಗೆ ಹೇಳಿದಳು. ಅದು ಅಂಟಿದ್ದಲ್ಲ, ಅವಳೇ ಹಿಡಿದಿದ್ದು. ಅದು ಅವಳಿಗೂ ಗೊತ್ತಿತ್ತು.

ಮಾರನೆಯ ದಿನ ಸರ್ಕಾರದ ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಬಂದ. ಸತ್ತ ಹುಳವೊಂದನ್ನು ಬೆರಳಲ್ಲಿ ಮುರಿದು ನೋಡಿದ. "ಇದು ಮೈಲಿಗೆ ಅಲ್ಲ ತಾಯಿ, ಸುಣ್ಣಕಟ್ಟು. ತೇವ ಇದ್ದ ಕಡೆ ಬರೋ ಬೂಷ್ಟಿನ ರೋಗ," ಅಂದು ನಡುಗೋಡೆಗೆ ಅಂಗೈ ಒತ್ತಿದ. "ಗೋಡೆ ಎಷ್ಟು ನೆಂದಿದೆ ನೋಡಿ. ಆಚೆ ಕಡೆ ಬಚ್ಚಲಾ?"

"ಬಚ್ಚಲು ಎಲ್ಲಿ ಬಂತು, ಬಾಡಿಗೆಯೋರ ಕೋಣೆ."

"ಸ್ವಲ್ಪ ನೋಡ್ಬಹುದಾ?"

ಗೋಡೆಯ ಈಚೆ ಯಶೋದಮ್ಮ ಟ್ರಂಕಿನ ಮೇಲೆ ಕೂತುಬಿಟ್ಟಳು. ಅಕ್ಕಯ್ಯಮ್ಮನ ದನಿ ಕೇಳಿಸಿತು: "ಬೇಡಪ್ಪ. ಅವಳು ಬಸುರಿ. ಸತ್ತ ಹುಳ ಮುಟ್ಟಿದ ಕೈಲಿ ಅವಳ ಹೊಸಿಲು ದಾಟ್ಬೇಡ. ಮಳೆ ನೀರು ಇಳಿದಿರ್ತದೆ ಬಿಡು." ಅವನು ಬಿಟ್ಟ, ಹೊರಟುಹೋದ. ಓದಿದವರು ಏನೋ ಒಂದು ಹೇಳುತ್ತಾರೆ ಅಂತ ಅಕ್ಕಯ್ಯಮ್ಮ ಗೊಣಗಿಕೊಂಡಳು.

ಲೆಕ್ಕ ಯಾವ ದಾರಿಯಲ್ಲಿ ಹೋದರೂ ಯಶೋದಮ್ಮನ ಬಾಗಿಲಿಗೇ ಬರುತ್ತಿತ್ತು. ಮೈಲಿಗೆಯಾದರೆ ಅವಳದು. ತೇವವಾದರೂ ಅವಳದೇ. ಇಲ್ಲದ ಮಗುವೊಂದು ಅವಳನ್ನು ಕಾಪಾಡುತ್ತಿತ್ತು.

ಸಂಜೆ ಮುನಿಶಾಮಮ್ಮ ತನ್ನ ಕುಡುಗೋಲು ಕೇಳಲು ಬಂದಳು. ಅಕ್ಕಯ್ಯಮ್ಮ ಅದನ್ನು ಅಂಗಳಕ್ಕೆ ಎಸೆದಳು. ಅವಳು ಎತ್ತಿಕೊಂಡು, ಹೋಗುವಾಗ ಯಶೋದಮ್ಮನ ಬಾಗಿಲ ಮುಂದೆ ನಿಂತು ಸೆರಗಿನ ಗಂಟು ಬಿಚ್ಚಿದಳು. ನಾಲ್ಕು ನೆಲ್ಲಿಕಾಯಿ ಇತ್ತು. "ತೋಟದ ಬದಿಯಲ್ಲಿ ಸಿಕ್ಕಿದ್ವು. ನಿಂಗೇಂತ ಇಟ್ಟಿದ್ದೆ. ಬಸುರಿ ಬಾಯಿಗೆ ಹುಳಿ ಬೇಕಲ್ಲ. ನಾನಿನ್ನು ಈ ಕಡೆ ಬರೋದಿಲ್ಲ. ಚೆನ್ನಾಗಿ ಹೆತ್ಕೊಳ್ಳಮ್ಮ," ಅಂದು ಹೊಸಿಲ ಮೇಲಿಟ್ಟು ಹೋದಳು.

ಯಶೋದಮ್ಮ ಹೊಸಿಲಲ್ಲೇ ನಿಂತು ಅಕ್ಕಯ್ಯಮ್ಮನನ್ನು ಕರೆದಳು. "ದೊಡ್ಡಮ್ಮ, ಒಳಗೆ ಬನ್ನಿ."

ಹಾಸಿಗೆ ಕೆಳಗಿಳಿಸಿ ಟ್ರಂಕನ್ನು ಎಳೆದಳು. ಗೋಡೆ ಬರಿದಾಗಿ ಕಂಡಿತು. ಕಪ್ಪು ಬೂಷ್ಟು, ಅದರ ಮೇಲೆ ಬಿಳಿಯದು, ಅದರ ಮೇಲೆ ದಾರ, ದಾರದ ಮೇಲೆ ಹಳೆ ಸೀರೆಯ ತುಂಡುಗಳು. ಹೆಂಗಸಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

"ಯಾವಾಗಿಂದ?" ಅಂದಳು ಅಕ್ಕಯ್ಯಮ್ಮ.

"ಶ್ರಾವಣದಿಂದ. ನಿಲ್ಲಲೇ ಇಲ್ಲ ದೊಡ್ಡಮ್ಮ. ಮೂರು ತಿಂಗಳೂ ಇಲ್ಲೇ ಇದ್ದೆ, ನೀರೂ ಇಲ್ಲೇ ಹಾಕ್ಕೊಂಡೆ."

ಮುದುಕಿ ಗೋಡೆ ಮುಟ್ಟಿ ಬೆರಳು ಮೂಸಿದಳು. ಈಗ ಕೆನ್ನೆಗೆ ಬೀಳುತ್ತದೆ ಅಂತ ಯಶೋದಮ್ಮ ಕಣ್ಣು ಮುಚ್ಚಿಕೊಂಡಳು. ಬಿದ್ದಿದ್ದರೆ ಹಗುರಾಗುತ್ತಿತ್ತು. ಅಕ್ಕಯ್ಯಮ್ಮ ಹೋಗಿ ಬಾಗಿಲ ಚಿಲಕ ಹಾಕಿ ಬಂದಳು.

"ಬೀದಿಗೆ ಸಕ್ಕರೆ ಹಂಚಿದೋಳು ನಾನು. ಅವಳ ಕೈಲಿ ಕರ್ಪೂರ ಹಚ್ಚಿಸಿದೋಳೂ ನಾನು. ಈಗ ಹೋಗಿ ಏನಂತ ಹೇಳ್ಲಿ? ಹುಳ ಹೋದ್ವು, ಹೋಗ್ಲಿ. ಎಂಟು ದಿನ ಬಿಟ್ಟು ಕಾಲು ಜಾರಿ ಬಿದ್ದೆ, ನಿಲ್ಲಲಿಲ್ಲ ಅನ್ನು. ನಿನ್ನ ಮಾನವೂ ಉಳೀತದೆ, ನಂದೂ ಉಳೀತದೆ."

"ಮುನಿಶಾಮಮ್ಮಂದು?"

ಅಕ್ಕಯ್ಯಮ್ಮ ಟ್ರಂಕನ್ನು ತಾನೇ ಕಾಲಿನಿಂದ ತಳ್ಳಿ ಗೋಡೆಗೆ ಒತ್ತಿಟ್ಟು ಹೋದಳು.

ಬೆಳಗಾಗುತ್ತಲೇ ಯಶೋದಮ್ಮ ಹೊರಗಾದಳು. ದಿನ ಸರಿಯಾಗಿಯೇ ಇತ್ತು, ಶ್ರಾವಣದ ಆ ಒಂದು ಸಲ ಬಿಟ್ಟರೆ ಅವಳ ಮೈ ಯಾವತ್ತೂ ಸುಳ್ಳು ಹೇಳಿದ್ದಲ್ಲ. ಚಾಪೆ ಸುತ್ತಿಕೊಂಡಳು, ತಟ್ಟೆ ಚೊಂಬು ತೆಗೆದುಕೊಂಡಳು, ನೆಲ್ಲಿಕಾಯನ್ನು ತಟ್ಟೆಯಲ್ಲಿಟ್ಟುಕೊಂಡಳು. ಗಡ್ಡಕ್ಕೆ ಸೋಪು ಹಚ್ಚಿಕೊಂಡಿದ್ದ ರಾಮಾಂಜಿನಪ್ಪ ಬಾಗಿಲಿಗೆ ಬಂದ.

"ಎಲ್ಲಾರೂ ನೋಡ್ತಾರೆ ಯಶೋದಾ."

"ನೋಡ್ಲಿ. ಮುನಿಶಾಮಮ್ಮನ್ನ ನೋಡ್ಲಿಲ್ವಾ?"

ಅಂಗಳ ದಾಟುವ ಹತ್ತು ಹೆಜ್ಜೆ ಅವಳಿಗೆ ನಗರಗೆರೆಯಷ್ಟು ದೂರವಾಯಿತು. ಮಾಡಿನಲ್ಲಿ ಚಾಪೆ ಹಾಕಿ ಬೀದಿಗೆ ಮುಖ ಮಾಡಿ ಕೂತಳು. ನೀರು ಸೇದುತ್ತಿದ್ದ ಅಮ್ಮಾಜಮ್ಮ ಮೊದಲು ಕಂಡಳು. "ಇದೇನಮ್ಮ, ಬಸುರಿ ಹೆಂಗಸು ಅಲ್ಲಿ ಬಂದು ಕೂತಿದ್ದೀಯ?"

"ಬಸುರಿ ಅಲ್ಲಮ್ಮ. ಹೊರಗಾಗಿದ್ದೀನಿ." ತಟ್ಟೆಯನ್ನು ನೆಲಕ್ಕಿಟ್ಟಳು. "ಹೋದ ತಿಂಗಳೂ ಆಗಿದ್ದೆ, ಅದರ ಹಿಂದಿನ ತಿಂಗಳೂ. ಯಾರಿಗೂ ಹೇಳ್ದೆ ಕೋಣೇಲೇ ಇದ್ದೆ. ಗೋಡೆ ನೆನೆಸಿದ್ದು ನಾನು. ಮುನಿಶಾಮಮ್ಮಂದು ಏನೂ ತಪ್ಪಿಲ್ಲ."

ರಾಟೆಯ ಹಗ್ಗ ನಿಂತಿತು. ಯಾರೂ ಲೊಚಗುಟ್ಟಲಿಲ್ಲ. ಆ ಮೂರು ದಿನ ಶಿಡ್ಲಘಟ್ಟದಲ್ಲಿ ನೀರಡಿಕೆ ಜಾಸ್ತಿಯಾಯಿತೋ ಏನೋ, ಪಕ್ಕದ ಬೀದಿಯವರೂ ಬಿಂದಿಗೆ ಹಿಡಿದು ಆ ಬಾವಿಗೇ ಬಂದರು. ಕೆಲವರು ಅವಳಿಗೆ ಕೇಳಿಸುವ ಹಾಗೆ ಆಡಿದರು. ಯಶೋದಮ್ಮ ಮುಖ ಮುಚ್ಚಿಕೊಳ್ಳಬೇಕೆಂದು ಸೆರಗಿಗೆ ಕೈ ಹಾಕಿದಳು, ಮತ್ತೆ ಬಿಟ್ಟಳು. ನಾಚಿಕೆ ಹೋಗಿರಲಿಲ್ಲ. ಅಡಗಿಸಿಡುವ ಕೆಲಸ ಮಾತ್ರ ತಪ್ಪಿತ್ತು.

ಮೂರನೆಯ ದಿನ ಅಕ್ಕಯ್ಯಮ್ಮ ಹೇಳಿಕಳಿಸಿದಳು. ಮುನಿಶಾಮಮ್ಮ ಬಂದಳು, ಮಾಡಿನ ಕಡೆ ತಿರುಗಿಯೂ ನೋಡಲಿಲ್ಲ. ಹೊಸಿಲ ಈಚೆ ನಿಂತು, ಬಾವಿಕಟ್ಟೆಗೆ ಕೇಳುವಂತೆ, "ಅಮ್ಮಾ, ಒಳಗೆ ಬರಬಹುದಾ?" ಅಂದಳು.

"ಬಾರೇ," ಅಂದಳು ಅಕ್ಕಯ್ಯಮ್ಮ ಒಳಗಿನಿಂದ.

"ಕೇಳಿಸ್ಲಿಲ್ಲಮ್ಮ."

ಅಕ್ಕಯ್ಯಮ್ಮ ಬಾಗಿಲಿಗೆ ಬರಬೇಕಾಯಿತು. "ಬಾ ತಾಯಿ ಒಳಗೆ. ತಪ್ಪು ನಂದು," ಅಂದಳು, ಬೀದಿಯ ಎದುರಿಗೆ. ಆಮೇಲೆ ಇಬ್ಬರೂ ಸೇರಿ ನಡುಗೋಡೆಯ ಎರಡೂ ಮುಖ ಕೆರೆದು ಸುಣ್ಣ ಬಳಿದರು.

ಸಂಜೆ ಮನೆಗೆ ಹೊರಟ ಮುನಿಶಾಮಮ್ಮ ಮಾಡಿನಿಂದ ಮಾರು ದೂರದಲ್ಲಿ ನಿಂತಳು. ಕೈಯೆಲ್ಲ ಸುಣ್ಣವಾಗಿತ್ತು. ಯಶೋದಮ್ಮ ತಲೆ ಎತ್ತಲಿಲ್ಲ. ತಟ್ಟೆಯನ್ನು ಅವಳ ಕಡೆ ಸರಿಸಿದಳು, ನಾಲ್ಕು ನೆಲ್ಲಿಕಾಯಿಯೂ ಹಾಗೇ ಇದ್ದವು. "ತಗೊಂಡು ಹೋಗಮ್ಮ. ನಾನು ಬಸುರಿ ಅಂತ ನೀನು ಕೊಟ್ಟಿದ್ದು. ನಂಗೆ ಸಲ್ಲೋದಲ್ಲ."

"ಹುಳ ಕೆಡಿಸಿದೋಳು ಅಂತ ನನ್ನ ಮಗಳ ಅತ್ತೆ ಮನೆವರೆಗೂ ಮಾತು ಹೋಗಿತ್ತು. ಅದನ್ನ ನಾನು ಮರೆಯಲ್ಲ," ಅಂದಳು ಮುನಿಶಾಮಮ್ಮ. ಕುಡುಗೋಲನ್ನು ಸೊಂಟಕ್ಕೆ ಸಿಗಿಸಿಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿದಳು. "ಪೋನೀ ಬಿಡು, ತಿನ್ನು. ನೆಲ್ಲಿಕಾಯಿ ತಿನ್ನೋಕೆ ಬಸುರಿ ಆಗ್ಲೇಬೇಕು ಅಂತ ಯಾರು ಹೇಳಿದ್ದು?"

ಯಶೋದಮ್ಮ ಒಂದನ್ನು ಎತ್ತಿಕೊಂಡು ಕಚ್ಚಿದಳು, ಬಾವಿಕಟ್ಟೆಯಲ್ಲಿ ಎಲ್ಲರೂ ನೋಡುತ್ತಿರುವಾಗಲೇ.