ಎಡಗೈ ಗಂಟು

ರಬಕವಿಯ ಗಂಗಾಂಬಿಕಾ ಬೆಳಿಗ್ಗೆ ಎದ್ದವಳು ಮುಖ ತೊಳೆಯುವುದಕ್ಕಿಂತ ಮೊದಲು ಭರಣಿಗೆ ಕಿವಿ ಹಚ್ಚುತ್ತಿದ್ದಳು. ಅಡುಗೆಮನೆಯ ಮೂಲೆಯಲ್ಲಿ, ಜೋಳದ ಚೀಲಗಳ ಸಂದಿಯಲ್ಲಿ, ಹಳೆಯ ಕೌದಿ ಹೊದ್ದು ಬೆಚ್ಚಗೆ ಕೂತಿದ್ದ ಭರಣಿ. ಒಳಗೆ ಹಿರೇಮದ್ದು ಎನ್ನುವ ಅಶ್ವಗಂಧದ ಬೇರಿನ ಕಷಾಯ, ಮಹಾಲಿಂಗಪುರದ ಬೆಲ್ಲ, ಒಣದ್ರಾಕ್ಷಿ, ಹುದುಗು ಬರಲು ಹಿಡಿಯಷ್ಟು ಧಾತಕಿ ಹೂ. ಗುಳುಗುಳು ಸಪ್ಪಳ ಕೇಳಿದರೆ ಮದ್ದು ಇನ್ನೂ ಮಾಗುತ್ತಿದೆ ಎಂದರ್ಥ. ಸಪ್ಪಳ ನಿಂತ ಮೇಲೆ ಸೋಸಬೇಕು. ಸೋಸದೆ ಬಿಟ್ಟರೆ ಹುಳಿಯಾಗುತ್ತದೆ. ಹೆಂಡದ ಹೆಸರೆತ್ತಿದರೆ ಬಾಯಿ ತೊಳೆದುಕೊಳ್ಳುವ ಮನೆತನ ಅವರದು. ಆದರೆ ಭರಣಿಯೊಳಗೆ ತಾನಾಗಿ ಹುಟ್ಟಿದ ಅಮಲಿಗೆ ಯಾರೇನು ಮಾಡಲಾದೀತು? ಮದ್ದು ಎಂದು ಹೆಸರಿಟ್ಟರೆ ಮುಗಿಯಿತು.

ಮದ್ದು ಗಂಡ ಪರಮಾನಂದನ ತೋಳಿಗೆ. ಪವರ್‌ಲೂಮ್ ಮಗ್ಗಗಳನ್ನು ಬಿಚ್ಚಿ ಜೋಡಿಸುವ ಕೆಲಸದಲ್ಲಿ ಅವನ ಎಡಭುಜ ಹಿಡಿದುಕೊಂಡಿತ್ತು. ಮೇಲಾಗಿ ಅವನು ಎಡಚ. ದೀಪಾವಳಿ ಮುಗಿಯುತ್ತಲೇ ಇಚಲಕರಂಜಿಯಿಂದ ಹೊಸ ಮಗ್ಗ ಕೂಡಿಸಲು ಕರೆ ಬಂತು. ಹೊರಡುವ ದಿನ ಭರಣಿಯ ಬಾಯಿಗೆ ಬಟ್ಟೆ ಮುಚ್ಚಿ ನೂಲಿನಿಂದ ಕಟ್ಟಿದವನು ಅವನೇ. ಯಾರು ಬೇಕಾದರೂ ಕಟ್ಟುವಂತಿರಲಿಲ್ಲ. ಅತ್ತೆ ಬೋರವ್ವನ ಕಟ್ಟಳೆ ಹಾಗಿತ್ತು.

"ಕಟ್ಟಿದ ಕೈನ ಬಿಚ್ಚಬೇಕು. ಬ್ಯಾರೆ ಕೈ ಹತ್ತಿದ್ರ ಮದ್ದ ಕೆಡತೈತಿ."

"ಛಟ್ಟಿ ಅಮಾಸಿಗಿ ಬಂದ ಬಿಚ್ಚತೇನಿ ಬಿಡ," ಎಂದು ಪರಮಾನಂದ ನಕ್ಕು, ಎಡಕ್ಕೆ ವಾಲುವ ತನ್ನ ಗಂಟನ್ನು ಬಿಗಿದು ಹೋದ.

ದೀಪಾವಳಿಯ ಮುಂದಿನ ಛಟ್ಟಿ ಅಮಾವಾಸ್ಯೆ ಬಂತು, ಹೋಯಿತು. ಭರಣಿಯ ಸಪ್ಪಳವೂ ನಿಂತಿತು. ಗಂಗಾಂಬಿಕಾ ಫೋನು ಹಚ್ಚಿದಳು.

"ಮದ್ದ ತಯಾರಾಗೈತ್ರಿ."

"ಇರಲಿ. ಇನ್ನಾ ಮಗ್ಗ ಉಳದಾವು. ಬರ್ತೇನಿ."

"ತೋಳು?"

"ಛಲೋ ಐತಿ."

ನೀವಿಲ್ಲದೆ ಬೇಸರವಾಗಿದೆ, ಬನ್ನಿ ಎನ್ನುವುದು ಅವಳ ನಾಲಿಗೆಯ ತುದಿಯವರೆಗೆ ಬಂದಿತ್ತು. ಪಕ್ಕದಲ್ಲೇ ಅತ್ತೆ ಕೂತಿದ್ದಾಳೆ, ಹೇಗೆ ಅಂದಾಳು? "ಮದ್ದ ಹಂಗ ಇಟ್ರ ಕೆಡತೈತ್ರಿ" ಎಂದಳು. ಮತ್ತೆ ಫೋನು ಮಾಡಿದಾಗಲೂ ಅದೇ ಮಾತು, ಆಮೇಲೆ ಫೋನೂ ನಿಂತಿತು. ಮದ್ದು, ಮದ್ದು ಎಂದು ಬಡಿದುಕೊಂಡಳೇ ಹೊರತು ತನ್ನ ಸುದ್ದಿ ಒಂದಕ್ಷರ ಎತ್ತಲಿಲ್ಲ. ಇಂಥ ಹೆಂಗಸಿಗೆ ಏನನ್ನಬೇಕು!

ಮಧ್ಯಾಹ್ನ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತರೆ ಅವನ ಅಂಗಿಯ ಮಷಿನ್ ಎಣ್ಣೆಯ ವಾಸನೆ ನೆನಪಾಗುತ್ತಿತ್ತು. ಅವನಿದ್ದಾಗ ಅದೇ ವಾಸನೆಗೆ ಮೂಗು ಮುರಿಯುತ್ತಿದ್ದವಳು ಈಗ ಅವನು ಬಿಟ್ಟುಹೋದ ಹಳೆಯ ಅಂಗಿಯನ್ನು ತೊಳೆಯದೆ ಗೂಟಕ್ಕೇ ಬಿಟ್ಟಿದ್ದಳು. ತಾನೇ ಹೋಗಿಬಿಡಲೇ ಅನಿಸುವುದು. ಅವನು ಬಾ ಅಂದಿಲ್ಲ. ನಾಲ್ಕು ಮಂದಿ ಗಂಡಸರ ಜೊತೆ ಒಂದೇ ಖೋಲಿಯಲ್ಲಿದ್ದಾನೆ. ತಾನು ಅತ್ತ ಹೋದಾಗಲೇ ಅವನು ಇತ್ತ ಬಂದು ಗಂಟಿನ ಮುಂದೆ ಕೂತರೆ? ಹೀಗೆ ಒಂದೊಂದು ನೆಪ ಹೇಳಿಕೊಂಡು ಕಾಯುತ್ತಿದ್ದಳು. ಸಪ್ಪಳ ನಿಂತ ಭರಣಿಗೆ ದಿನಾ ಕಿವಿ ಹಚ್ಚುವುದನ್ನು ಮಾತ್ರ ಬಿಡಲಿಲ್ಲ.

ಎಳ್ಳ ಅಮಾವಾಸ್ಯೆಯ ಹಿಂದಿನ ದಿನ ಸಜ್ಜೆ ರೊಟ್ಟಿ ಬಡಿಯುವಾಗ ಮೂಲೆಯಿಂದ ಹುಳಿ ವಾಸನೆ ಬಂತು. ಹಿಟ್ಟಿನ ಕೈಯಲ್ಲೇ ಹೋಗಿ, ಇಷ್ಟು ದಿನ ಸರಿಸದಿದ್ದ ಕೌದಿಯನ್ನು ಸರಿಸಿದಳು. ಗಂಟು ಬಲಕ್ಕೆ ವಾಲಿತ್ತು.

ಹುಟ್ಟಿದಾಗಿನಿಂದ ನೂಲಿನ ನಡುವೆ ಬೆಳೆದವಳಿಗೆ ಇನ್ನೊಮ್ಮೆ ನೋಡುವ ಅಗತ್ಯವಿರಲಿಲ್ಲ. ಭರಣಿಯನ್ನು ಅಲುಗಾಡಿಸಿದಳು. ಅರ್ಧ ಖಾಲಿ.

"ಅತ್ತೀ, ಇದನ್ನ ಬಿಚ್ಚಿದವರು ಯಾರು?"

ಬೋರವ್ವ ಎಳ್ಳು ಹುರಿಯುವುದನ್ನು ನಿಲ್ಲಿಸಲಿಲ್ಲ. "ನಾನ."

"ಕಟ್ಟಿದ ಕೈನ ಬಿಚ್ಚಬೇಕು ಅಂದವರು ನೀವಲ್ಲೇನ್ರಿ?"

"ಅಂದೇನಿ. ನಿನ್ನ ಫೋನ ನಿಂತ ಮ್ಯಾಲ ಒಂದ ದಿನಾ, ರಾತ್ರಿ ತೋಳ ಎತ್ತಾಕ ಬರವಲ್ದು ಬೇ ಅಂತ ಮಗಾ ಫೋನಿನ್ಯಾಗ ನನ್ನ ಮುಂದ ಅತ್ತ. ಮದ್ದ ತಯಾರಾಗಿತ್ತು. ಕಟ್ಟಳಿ ನೋಡ್ಲೋ, ತೋಳ ನೋಡ್ಲೋ? ನೀ ನೀರಿಗಿ ಹೋದಾಗ ಬಾಟ್ಲಿ ತುಂಬೂವಷ್ಟ ಸೋಸಿ, ನೂಲಿನ ಲಾರಿ ಹೊಡಿಯೂ ಮುದಕಪ್ಪನ ಕೈಯಾಗ ಕಳಿಸಿದೆ."

ತನ್ನ ಮುಂದೆ ಛಲೋ ಐತಿ, ತಾಯಿಯ ಮುಂದೆ ಅಳು! ಗಂಗಾಂಬಿಕಾಗೆ ಸಿಟ್ಟು ನೆತ್ತಿಗೇರಿತು. ಅದರ ಬೆನ್ನಿಗೇ ದುಃಖ. ಭರಣಿಯ ಪಕ್ಕ ಕೂತಳು.

"ಮದ್ದ ಮುಟ್ಟಿದ ಮ್ಯಾಲ ಏನಂದ್ರು?"

ಬೋರವ್ವ ಈಗ ಬಾಣಲೆ ಇಳಿಸಿದಳು. "ಗಂಗಾ ಕಳಿಸ್ಯಾಳೇನು ಅಂದ. ಹೂಂ ಅಂದೆ. ಮದ್ದ ಕಳಿಸಿದಾಕಿಗಿ ತಾ ಬರಾಕ ಆಗಲಿಲ್ಲೇನು ಅಂದ."

"ಇದನ್ನ ನನಗ್ಯಾಕ ಹೇಳಲಿಲ್ರಿ?"

"ಹೇಳಿದ್ರ ನೀ ಅವತ್ತ ಹೊಂಡತಿದ್ದಿ," ಎಂದಳು ಬೋರವ್ವ. ದನಿ ಸಣ್ಣದಾಗಿತ್ತು. "ಅಂವನೂ ಇಲ್ಲ, ನೀನೂ ಇಲ್ಲ ಅಂದ್ರ ಎರಡ ರೊಟ್ಟಿ ಬಡಕೊಂಡ ಯಾರ ಮಾರಿ ನೋಡ್ಕೋತ ಉಣ್ಣಲಿ?"

ಗಂಗಾಂಬಿಕಾ ಹಗಲೆಲ್ಲ ನುಂಗಿಕೊಂಡ ಮಾತನ್ನೇ ಮುದುಕಿಯೂ ನುಂಗಿಕೊಂಡಿದ್ದಳು. ಒಂದೇ ಸೂರಿನಡಿ ಇಬ್ಬರೂ ಬಾಯಿ ಕಟ್ಟಿಕೊಂಡು ಕೂತು ಅರ್ಧ ಭರಣಿ ಮದ್ದನ್ನು ಹುಳಿ ಮಾಡಿದ್ದರು.

ಗಂಗಾಂಬಿಕಾ ಎದ್ದು ಕೈ ತೊಳೆದಳು. ಹುರಿದ ಎಳ್ಳಿನ ಹೋಳಿಗೆ ಬೇಯಿಸಿ, ಸಜ್ಜೆ ರೊಟ್ಟಿ, ಶೇಂಗಾ ಚಟ್ನಿಯ ಜೊತೆ ಬುತ್ತಿಗೆ ಕಟ್ಟಿದಳು. ಗೂಟದ ಅಂಗಿಯನ್ನು ಮಡಚಿ ಚೀಲದ ತಳಕ್ಕೆ ಹಾಕಿದಳು. ಬೋರವ್ವ ತಾನೇ ಎದ್ದು ಎರಡು ಹೋಳಿಗೆ ಹೆಚ್ಚಿಗೆ ಇಟ್ಟಳು.

"ಇಚಲಕರಂಜಿಗಿ ಹೋಗಿ ಲಗೂನ ಬರ್ತೇನ್ರಿ. ಅವರು ಬಂದ್ರ ಅವರನ್ನೂ ಕರಕೊಂಡ ಬರ್ತೇನಿ."

"ಹೂಂ."

ಹೊಸ್ತಿಲು ದಾಟಿ ಚಪ್ಪಲಿ ಮೆಟ್ಟಿದ ಗಂಗಾಂಬಿಕಾ ಒಮ್ಮೆ ಹಿಂತಿರುಗಿ ನೋಡಿದಳು. ಬೋರವ್ವ ಜೋಳದ ಚೀಲಕ್ಕೆ ಒರಗಿ ಕೂತು, ಸೊಸೆ ದಿನಾ ಹಚ್ಚುತ್ತಿದ್ದಲ್ಲೇ ಭರಣಿಗೆ ಕಿವಿ ಹಚ್ಚಿದ್ದಳು.

"ಅದರಾಗ ಏನ ಕೇಳಾಕತ್ತೀರಿ ಅತ್ತಿ? ಸಪ್ಪಳ ನಿಂತ ಎಷ್ಟ ದಿನಾ ಆತು."

"ಗೊತ್ತೈತಿ," ಎಂದಳು ಬೋರವ್ವ, ಕಿವಿ ತೆಗೆಯದೆ. "ನೀ ಇಷ್ಟ ದಿನಾ ಏನ ಕೇಳತಿದ್ದಿ ಅಂತ ನೋಡಾಕತ್ತೇನಿ. ಹೋಗ, ಬಸ್ ತಪ್ಪತೈತಿ."