ಚಿತ್ತಿಲ್ಲದ ಪುಸ್ತಕ

ನಮಗೆ ತರಬೇತಿ ಕೊಡುತ್ತಿದ್ದ ಮೇಡಂ ನನ್ನ ಲ್ಯಾಬ್ ಪುಸ್ತಕವನ್ನು ಮೊದಲಿಂದ ಕೊನೆಯವರೆಗೆ ತಿರುವಿದರು. ನನಗೆ ಒಳಗೊಳಗೇ ಹೆಮ್ಮೆ. ಅಷ್ಟು ಮುದ್ದಾದ ಅಕ್ಷರ ಆ ಕ್ಯಾನ್ಸರ್ ಸಂಶೋಧನಾ ಕೇಂದ್ರದಲ್ಲಿ ಇನ್ಯಾರದಿತ್ತು?

"ಎಂಟು ತಿಂಗಳಲ್ಲಿ ಒಂದೇ ಒಂದು ಚಿತ್ತಿಲ್ಲ," ಎಂದರು. "ಇದನ್ನ ಯಾವಾಗ ಕೂತು ಬರೆದೆ?"

ಅದು ಹೊಗಳಿಕೆಯಲ್ಲ ಎಂದು ತಿಳಿಯುವಷ್ಟರಲ್ಲಿ 'ರಾತ್ರಿ ಮನೆಯಲ್ಲಿ' ಎಂದುಬಿಟ್ಟಿದ್ದೆ.

ನಮ್ಮಂಥ ಸಮುದಾಯಗಳಿಂದ ಈ ಕೆಲಸಕ್ಕೆ ಯಾರೂ ಬರುತ್ತಿಲ್ಲವೆಂದು ಕೇಂದ್ರದವರು ನನ್ನನ್ನೂ ಸೇರಿಸಿ ಆರು ಜನರಿಗೆ ತರಬೇತಿ ಕೊಟ್ಟಿದ್ದರು. ಅವರಲ್ಲಿ ಇಬ್ಬರಿಗಷ್ಟೇ ಸಂಶೋಧಕರ ಕೆಲಸ, ಆ ಸಂಜೆಯೇ ಪಟ್ಟಿ. ನಾನು ಲ್ಯಾಬಿನಲ್ಲಿ ಬಿಡಿಹಾಳೆಗಳ ಮೇಲೆ ಗೀಚಿಕೊಂಡು, ಮನೆಯಲ್ಲಿ ಪುಸ್ತಕಕ್ಕೆ ಅಂದವಾಗಿ ಇಳಿಸುತ್ತಿದ್ದೆ. ಶಾಲೆಯಲ್ಲಿ ಬೇರೆಯವರು ಚಿತ್ತು ಮಾಡಿದರೆ ಅವಸರ. ನಾನು ಮಾಡಿದರೆ 'ಇವರ ಹಣೆಬರಹವೇ ಇಷ್ಟು'. ಕೇಳಿ ಕೇಳಿ ಸಾಕಾಗಿತ್ತು.

"ಕೆಲಸದ ಹೊತ್ತಲ್ಲಿ ಬರೆದಿದ್ದು ತೋರಿಸು. ಇಲ್ಲದಿದ್ರೆ ಅಂಕಿ ಎಲ್ಲ ನೀನೇ ಹುಟ್ಟಿಸಿದ್ದು ಅಂತಾರೆ ಕಮಿಟಿಯವರು. ಇಷ್ಟು ದಿನ ತೆಗೆದು ನೋಡದೇ ಇದ್ದಿದ್ದು ನನ್ನ ತಪ್ಪು. ನಾಲ್ಕು ಗಂಟೆಯೊಳಗೆ ತಾ."

ಮನೆಗೆ ಓಡಿದೆ. ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ.

"ಅಪ್ಪಾ, ಮೂಲೆಯಲ್ಲಿ ಕಟ್ಟಿಟ್ಟಿದ್ದ ಹಾಳೆಗಳೆಲ್ಲಿ?"

ಅಪ್ಪ ಮೆಷಿನ್ ನಿಲ್ಲಿಸಿದರು. "ರದ್ದಿ ಅಂದಿದ್ದೆಯಲ್ಲಮ್ಮ. ಅಳತೆಗೆ ಕತ್ತರಿಸಿದೆ."

ಗೋಡೆಯ ಮೊಳೆಗೆ ಕಾಲರ್, ತೋಳು, ಜೇಬಿನ ಆಕಾರದ ಕಾಗದಗಳು ನೇತಾಡುತ್ತಿದ್ದವು. ಎಲ್ಲದರ ಮೇಲೂ ನನ್ನದೇ ಗೀಚು. ಹುಚ್ಚು ಕೋಪ ಬಂತು. ರದ್ದಿ ಎಂದವಳು ನಾನೇ, ಕೋಪವನ್ನು ಯಾರ ಮೇಲೆ ತೀರಿಸಲಿ? ಅಪ್ಪ ಕತ್ತರಿಸಿ ಉಳಿದ ಚೂರುಗಳ ಚೀಲ ಸುರಿದರು. ಅಂಚಿಗೆ ಅಂಚು ಹೊಂದಿಸುವುದನ್ನು ಅವರಿಗೆ ಹೇಳಿಕೊಡಬೇಕೆ? ಅವರು ಜೋಡಿಸಿದಂತೆ ನಾನು ಅಂಟಿಸಿದೆ. ಒಂದು ತೋಳು ಮಾತ್ರ ಸಿಗಲೇ ಇಲ್ಲ.

ಒಂದು ಕಾಲರ್ ಮೇಲೆ ಕಣ್ಣು ನಿಂತಿತು. 'ಮೂರನೇ ತಟ್ಟೆ. ಔಷಧಿ ಹಾಕದ ಕೋಶಗಳೂ ಸತ್ತಿವೆ. ಯಾಕೆ?' ಅವು ಬದುಕಿರಬೇಕಿತ್ತು. ಪುಸ್ತಕಕ್ಕೆ ಇಳಿಸುವಾಗ, ಕೋಶ ಬೆಳೆಸಿದ್ದ ಆ ತಟ್ಟೆಯನ್ನೇ ನಾನು ಬಿಟ್ಟಿದ್ದೆ. ಕಾಲರನ್ನು ಪಕ್ಕಕ್ಕೆ ಸರಿಸಿದೆ. ತೋಳು ಹೇಗೂ ಕಳೆದಿದೆ, ಇದೂ ಕಳೆಯಿತು ಎಂದರಾಯಿತು.

"ಅದ್ಯಾಕೆ ಬೇರೆ ಇಟ್ಟೆ?"

"ಅದರಲ್ಲಿ ತಪ್ಪಿದೆ ಅಪ್ಪ."

"ಆ ಪೊಲೀಸಿನವನ ಅಂಗಿ ಬಿಗಿಯಾಗಿದ್ದನ್ನ ಹೇಳದೆ ಕೊಟ್ಟೆನಲ್ಲ, ನೆನಪಿದೆಯಾ? ಸೆಲ್ಯೂಟ್ ಹೊಡೆದ, ಬಗಲು ಪರ್ರ್ ಅಂತು."

ನನಗೆ ನಗು ಬರಲಿಲ್ಲ. ಆದರೆ ಕಾಲರನ್ನು ಚೀಲಕ್ಕೆ ಹಾಕಿಕೊಂಡೆ.

ಲ್ಯಾಬ್ ತಲುಪಿದಾಗ ನಾಲ್ಕಕ್ಕೆ ಐದು ನಿಮಿಷವಿತ್ತು. ಮೇಡಂ ಒಂದೊಂದೇ ಹಾಳೆಯನ್ನು ಪುಸ್ತಕದ ಪಕ್ಕ ಇಟ್ಟು ತಾಳೆ ನೋಡಿದರು. ಕಾಲರ್ ಬಂದಾಗ ಕೈ ನಿಂತಿತು.

"ಈ ತಟ್ಟೆ ಪುಸ್ತಕದಲ್ಲಿಲ್ಲ."

"ಬಿಟ್ಟೆ ಮೇಡಂ. ನನ್ನಿಂದ ಹಾಳಾಯ್ತು ಅಂತ ಹೆದರಿಕೆಯಾಯ್ತು."

"ಕೋಶ ಯಾಕೆ ಸತ್ತವು?"

"ಗೊತ್ತಿಲ್ಲ."

"ನನಗೂ ಗೊತ್ತಿಲ್ಲ." ಅವರು ಕಮಿಟಿಯವರಿಗೆ ಫೋನ್ ಮಾಡಿದರು. ನಾನು ಮೇಜಿನ ಅಂಚು ಹಿಡಿದುಕೊಂಡೆ. "ಇವಳ ಹೆಸರು ಪಟ್ಟಿಯಲ್ಲಿ ಇರಲಿ. ಅಂಕಿ ಹುಟ್ಟಿಸೋರು ಇಂಥ ತಟ್ಟೆ ಹುಟ್ಟಿಸಲ್ಲ." ಫೋನಿಟ್ಟು ಪುಸ್ತಕ ನನ್ನತ್ತ ತಳ್ಳಿದರು. "ಆ ತಟ್ಟೆ ಬರೆ. ಇವತ್ತಿನ ತಾರೀಕು ಹಾಕು. ಸೋಮವಾರದಿಂದ ಆ ಪ್ರಯೋಗ ಮತ್ತೆ ಮಾಡೋದೂ ನೀನೇ."

ಅವಸರದಲ್ಲಿ ತಾರೀಕೇ ತಪ್ಪಿತು. ಹಾಳೆ ಹರಿಯಲು ಬೆರಳು ತಾನಾಗಿ ಹೋಯಿತು. ಹರಿಯಲಿಲ್ಲ. ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಪಕ್ಕದಲ್ಲಿ ಸರಿ ತಾರೀಕು ಬರೆದು, ನನ್ನ ಸಹಿ ಹಾಕಿದೆ.