ಮೂರು ವರ್ಷದ ಬಾಂಡು

ದಾಯೆಂಗ್ ಲಲ್ಲೊ ಬ್ಯಾಂಕನ್ನು ನಂಬಿದವನಲ್ಲ. ಬಡ್ಡಿ ಸೋಕಿದ ದುಡ್ಡಿನಲ್ಲಿ ಮೆಕ್ಕಾಕ್ಕೆ ಹೋದರೆ ದೇವರು ಬಾಗಿಲಲ್ಲೇ ನಿಲ್ಲಿಸಿ ವಾಪಸ್ ಕಳಿಸುತ್ತಾನೆ ಎಂದು ಅವನು ಖಡಾಖಂಡಿತವಾಗಿ ಹೇಳುತ್ತಿದ್ದ. ಹೀಗಾಗಿ ಸೊಂಟದುದ್ದ ನೀರಿನಲ್ಲಿ ನಿಂತು, ಹಗ್ಗಕ್ಕೆ ಕಡಲಪಾಚಿ ಕಟ್ಟಿ ಬೆಳೆಸಿ, ಒಣಗಿಸಿ ಮಾರಿ ಉಳಿಸಿದ್ದನ್ನೆಲ್ಲ ಹನ್ನೊಂದು ವರ್ಷ ಒಂದು ಬಿಸ್ಕತ್ತಿನ ಡಬ್ಬಿಗೆ ತುಂಬಿ, ಅಕ್ಕಿಮೂಟೆಯ ಹಿಂದೆ ಬಚ್ಚಿಟ್ಟಿದ್ದ. ಬಚ್ಚಿಟ್ಟಿದ್ದೇನೆ ಎಂದು ಅವನು ತಿಳಿದಿದ್ದ ಅಷ್ಟೆ; ಓಣಿಯ ಅರ್ಧ ಜನಕ್ಕೆ ಆ ಡಬ್ಬಿಯ ಬಣ್ಣ ಕೂಡ ಗೊತ್ತಿತ್ತು.

ಅವನಿಗೆ ಅರವತ್ತೈದಾದ ವರ್ಷ ಡಬ್ಬಿಯಲ್ಲಿ ಎರಡು ಕೋಟಿ ರುಪಿಯಾ ಆಯಿತು. ಕೇಳುವುದಕ್ಕೆ ಎರಡು ಕೋಟಿ, ಕೊಳ್ಳಲು ಹೋದರೆ ಒಂದು ಒಳ್ಳೆಯ ಮೋಟಾರ್ ಸೈಕಲ್ಲು. ಅಷ್ಟನ್ನು ಮುಂಗಡ ಕಟ್ಟಿದರೆ ಹಜ್ ಕಚೇರಿಯಲ್ಲಿ ಸರದಿಯ ನಂಬರು ಕೊಡುತ್ತಾರೆ. ಉಳಿದದ್ದನ್ನು ಸರದಿ ಬಂದಾಗ ಕಟ್ಟಿ ವಿಮಾನ ಹತ್ತಬೇಕು. ಪಕ್ಕದ ಮನೆಯ ದಾಯೆಂಗ್ ತೊಂಪೊ (ದಾಯೆಂಗ್ ಎನ್ನುವುದು ನಮ್ಮ ಕಡೆ ಹಿರಿಯರ ಹೆಸರಿಗೆ ಹಚ್ಚುವ ಮರ್ಯಾದೆ) ಕೂಡ ಎಮ್ಮೆ ಮಾರಿ ಮುಂಗಡ ಹೊಂದಿಸಿಕೊಂಡಿದ್ದ. ಇಬ್ಬರೂ ಸೋಮವಾರ ಜೊತೆಯಾಗಿ ಹೋಗುವುದು ಎಂದಾಗಿತ್ತು.

"ನೀನಿಲ್ದೆ ನಾನು ಹೋಗೋದಾ? ಅಷ್ಟು ಲಕ್ಷ ಜನದ ಚಪ್ಪಲಿಯೊಳಗೆ ನನ್ನ ಚಪ್ಪಲಿ ಹುಡುಕಿ ಕೊಡೋರ್ಯಾರು ಮಾರಾಯ?" ಎಂದು ತೊಂಪೊ ನಗಾಡಿದ್ದ.

ಆ ಸೋಮವಾರ ಲಲ್ಲೊ ಹೋಗಲಿಲ್ಲ. ಹೋಗದಂತೆ ಮಾಡಿದವಳು ಮಗಳು ಜುಮ್ರಿಯಾ.

ಜುಮ್ರಿಯಾ ಪ್ರಾಥಮಿಕ ಶಾಲೆಯಲ್ಲಿ ಲೆಕ್ಕದ ಟೀಚರು. ಗಂಡ ಕಡಲಾಚೆಯ ಕಲಿಮಾಂತಾನ ದ್ವೀಪದ ಗಣಿಗೆ ಹೋದವನು ಅಲ್ಲೇ ಇನ್ನೊಂದು ಸಂಸಾರ ಹೂಡಿದ್ದರಿಂದ ಅಪ್ಪನ ಜೊತೆಗೇ ಇದ್ದಳು. ಅಮ್ಮ ಇರಲಿಲ್ಲ. ಅಪ್ಪನ ಕೆಮ್ಮು ಅವಳ ನಿದ್ದೆ ಕೆಡಿಸಿತ್ತು. ದಿನಾ ಬೆಳಗಿನ ಜಾವ ಉಪ್ಪುನೀರಿಗೆ ಇಳಿಯುವುದನ್ನು ನಿಲ್ಲಿಸದಿದ್ದರೆ ಈ ಮನುಷ್ಯ ಮೆಕ್ಕಾ ನೋಡುವ ತನಕ ಉಳಿಯುವುದಿಲ್ಲ ಎಂಬ ಭಯ ಅವಳಿಗೆ ಹತ್ತಿಕೊಂಡಿತ್ತು. ಅದೇ ವಾರ ಶಾಲೆಗೆ ಬಂದಿದ್ದ ಅಧಿಕಾರಿಯೊಬ್ಬ ಸರ್ಕಾರದ ಹೊಸ ಉಳಿತಾಯ ಬಾಂಡಿನ ಬಗ್ಗೆ ಹೇಳಿ ಹೋಗಿದ್ದ. ಮೂರು ವರ್ಷದ್ದು. ಬಡ್ಡಿಯ ಸೋಂಕಿಲ್ಲ, ಧರ್ಮಕ್ಕೆ ಒಪ್ಪುವಂಥದ್ದು.

"ಬಡ್ಡಿ ಅಲ್ಲ ತೆತ್ತಾ, ಬಾಡಿಗೆ," ಎಂದು ಅವಳು ಅಪ್ಪನಿಗೆ ಬಿಡಿಸಿ ಹೇಳಿದಳು. "ಸರ್ಕಾರದ ಕಟ್ಟಡಗಳ ಬಾಡಿಗೇಲಿ ನಮಗೊಂದು ಪಾಲು. ತಿಂಗಳು ತಿಂಗಳು ಬರುತ್ತೆ. ಅದೂ ನನ್ನ ಸಂಬಳಾನೂ ಸೇರಿದ್ರೆ ನೀವು ನೀರಿಗೆ ಇಳಿಯೋದೇ ಬೇಡ. ಮೂರು ವರ್ಷ ಮನೇಲಿ ಕೂತು ಎದೆ ಗಟ್ಟಿ ಮಾಡ್ಕೊಳ್ಳಿ. ಆಮೇಲೆ ನಂಬರ್ ತಗೊಳ್ಳಿ."

"ದುಡ್ಡು?"

"ಪೂರ್ತಿ ವಾಪಸ್. ಒಂದು ರುಪಿಯಾನೂ ಕಮ್ಮಿ ಆಗಲ್ಲ."

"ಲೆಕ್ಕದ ಟೀಚರು ನೀನು, ನನಗೇನು ಗೊತ್ತಾಗತ್ತೆ," ಎಂದು ಲಲ್ಲೊ ಡಬ್ಬಿ ತಂದು ಅವಳ ಮುಂದಿಟ್ಟ.

ಸುದ್ದಿ ಕೇಳಿ ತೊಂಪೊ ಕಿಡಿಕಿಡಿಯಾದ. "ಟೀಚರಮ್ಮ, ದೇವರ ಮನೆ ಸಾಲಲ್ಲಿ ಜಾಗ ಹಿಡಿಯೋದು ಬಿಟ್ಟು ಸರ್ಕಾರಕ್ಕೆ ಕೈಸಾಲ ಕೊಡ್ತಾರೇನೇ?" ಎಂದು ಹಂಗಿಸಿದ. ಅವಳು ನಕ್ಕು ಕಾಫಿ ಕೊಟ್ಟಳು. ಅವನು ಒಬ್ಬನೇ ಕಚೇರಿಗೆ ಹೋಗಿ ನಂಬರು ತಂದ. ನಾಲ್ಕು ವರ್ಷ ಕಾಯಬೇಕು ಎಂದಿದ್ದರಂತೆ.

ಆ ಮೂರು ವರ್ಷ ಮನೆ ಎಷ್ಟು ಹಿತವಾಗಿತ್ತು ಎಂಬುದನ್ನು ಹೇಳದಿದ್ದರೆ ಜುಮ್ರಿಯಾಳಿಗೆ ಅನ್ಯಾಯವಾಗುತ್ತದೆ. ತಿಂಗಳ ದುಡ್ಡು ಒಂದು ದಿನವೂ ತಪ್ಪಲಿಲ್ಲ. ಲಲ್ಲೊನ ಕೆಮ್ಮು ನಿಂತಿತು, ಕೆನ್ನೆ ತುಂಬಿಕೊಂಡಿತು. ಎತ್ತರದ ಕಂಬಗಳ ಮೇಲೆ ನಿಂತ ಮನೆಯ ಕೆಳಗಿನ ನೆರಳಿನಲ್ಲಿ ಕೂತು ಪಾಚಿಯ ಹಗ್ಗ ಕಟ್ಟುವ ಹೆಂಗಸರಿಗೆ ಉಪದೇಶ ಮಾಡುವುದೇ ಅವನ ಕೆಲಸವಾಯಿತು. ಮದುವೆಮನೆಗಳಲ್ಲಿ ಬಿಳಿ ಟೋಪಿಯ ಹಾಜಿಗಳನ್ನು ಮುಂದಿನ ಸಾಲಿನಲ್ಲಿ ಕೂರಿಸುವಾಗ ತಾನಾಗಿಯೇ ಹಿಂದಕ್ಕೆ ಸರಿದು, "ಇನ್ನೇನು, ಸ್ವಲ್ಪ ದಿನ," ಎಂದು ಪಕ್ಕದವನಿಗೆ ಹೇಳುತ್ತಿದ್ದ.

ಬಾಂಡಿನ ಅವಧಿ ಮುಗಿದ ದಿನ ಹಣ ಚಾಚೂ ತಪ್ಪದೆ ಕೈಗೆ ಬಂತು. ಮುಂಗಡ ಅಷ್ಟರಲ್ಲಿ ಇನ್ನೂ ಐವತ್ತು ಲಕ್ಷ ಏರಿತ್ತು. ಅದನ್ನು ಜುಮ್ರಿಯಾ ತನ್ನ ಬಳೆ ಮಾರಿ ಸೇರಿಸಿದಳು. ಲಲ್ಲೊ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಮಗಳ ಬೈಕಿನ ಹಿಂದೆ ಕೂತ. ಕಚೇರಿಯ ಗುಮಾಸ್ತೆ ಹೆಸರು ಬರೆದುಕೊಂಡು, ಕಂಪ್ಯೂಟರು ನೋಡಿ, "ಹದಿನಾರು ವರ್ಷ," ಎಂದಳು.

ಜುಮ್ರಿಯಾ ತಪ್ಪಾಗಿ ಕೇಳಿಸಿತೇನೋ ಎಂದು ಮತ್ತೆ ಕೇಳಿದಳು. ಗುಮಾಸ್ತೆ ಪರದೆಯನ್ನೇ ಅವಳ ಕಡೆ ತಿರುಗಿಸಿದಳು. "ಈ ಎರಡು ಮೂರು ವರ್ಷದಲ್ಲಿ ಜನ ಮುಗಿಬಿದ್ದುಬಿಟ್ರು ಮೇಡಂ. ದಿನಾ ಸಾಲು ಬೆಳೀತಾ ಇದೆ."

"ಮೂರು ವರ್ಷದ ಹಿಂದೆ ಬಂದಿದ್ರೆ?" ಲಲ್ಲೊ ಮೆಲ್ಲಗೆ ಕೇಳಿದ.

"ಬರೋ ವರ್ಷ ಹೊರಡ್ತಿದ್ರಿ ಅಜ್ಜ."

ಅರವತ್ತೆಂಟಕ್ಕೆ ಹದಿನಾರು ಸೇರಿಸುವುದಕ್ಕೆ ಲೆಕ್ಕದ ಟೀಚರು ಬೇಕಾಗಿರಲಿಲ್ಲ. ಲಲ್ಲೊ ತಲೆಯಾಡಿಸಿ, ತೋರಿಸಿದಲ್ಲೆಲ್ಲ ರುಜು ಹಾಕಿದ. ಹೊರಗೆ ಬಂದ ಮೇಲೆ ಗಾಡಿಯವನ ಹತ್ತಿರ ಬಾಳೆಹಣ್ಣಿನ ಬಜ್ಜಿ ಕೊಂಡು, ಖಾರದ ಚಟ್ನಿ ಹಚ್ಚಿ ಮಗಳ ಕೈಗಿಟ್ಟ. "ಬಿಸಿ ಇದೆ, ತಿನ್ನು," ಎಂದ. ಆ ವಿಷಯವಾಗಿ ಅವನು ಮಗಳ ಎದುರು ಆಡಿದ ಮಾತು ಅದೊಂದೇ.

ಬೈದಿದ್ದರೆ ಅವಳಿಗೆ ಎಷ್ಟೋ ಸಲೀಸಾಗುತ್ತಿತ್ತು. ಬಟ್ಟಲು ಎಸೆದಿದ್ದರೆ, ಓಣಿಯವರ ಮುಂದೆ ಮಾನ ಕಳೆದಿದ್ದರೆ, ಅತ್ತು ಕಾಲು ಹಿಡಿಯಬಹುದಿತ್ತು. ಅವಳು ಅಪ್ಪನ ಮುಖ ನೋಡುವುದನ್ನೇ ಬಿಟ್ಟಳು. ಊಟ ಬಡಿಸಿ ಒಳಗೆ ಹೋಗಿ ಒಬ್ಬಳೇ ತಿನ್ನುತ್ತಿದ್ದಳು. ತಿಂಗಳ ದುಡ್ಡು ನಿಂತಿದ್ದರಿಂದ ಅವನು ಮತ್ತೆ ನೀರಿಗಿಳಿದ. ಬೇಡವೆನ್ನಲು ಅವಳಿಗೆ ಬಾಯಿರಲಿಲ್ಲ.

ಮರುವರ್ಷ ತೊಂಪೊನ ಸರದಿ ಬಂತು. ಬೀಳ್ಕೊಡಲು ಓಣಿಯ ಜನ ಎರಡು ಲಾರಿ ತುಂಬ ಹತ್ತಿದರು. ತೊಂಪೊನ ಪೆಟ್ಟಿಗೆಯನ್ನು ಬೇರೆ ಯಾರಿಗೂ ಮುಟ್ಟಗೊಡದೆ ಲಲ್ಲೊನೇ ಹೆಗಲ ಮೇಲೆ ಹೊತ್ತು ತಂದ. ಅದನ್ನು ನೋಡಲಾರದೆ ಜುಮ್ರಿಯಾ ಶಾಲೆಯ ನೆಪ ಹೇಳಿ ಮನೆಗೆ ನಡೆದುಬಿಟ್ಟಳು.

ಅದಾಗಿ ಎರಡು ವಾರಕ್ಕೆ ಲಲ್ಲೊನಿಗೆ ಜ್ವರ ಬಂತು. ಎದೆಯಲ್ಲಿ ನೀರು ತುಂಬಿದೆ ಎಂದರು ಡಾಕ್ಟರು. ಐದನೆಯ ದಿನ, ಕ್ಷಮೆ ಕೇಳಬೇಕೆಂದು ಅವಳು ಮಾತು ಜೋಡಿಸಿಕೊಳ್ಳುತ್ತಿರುವಾಗಲೇ, ಅವನು ಹೋಗಿಬಿಟ್ಟ. ಮಣ್ಣಾದ ಮೇಲೆ ನಂಬರು ರದ್ದು ಮಾಡಿಸಲು ಹೋದಳು. ಅದೇ ಗುಮಾಸ್ತೆ ಅರ್ಜಿ ಕೊಟ್ಟು, ಸಮಾಧಾನದ ದನಿಯಲ್ಲಿ, "ಪೂರ್ತಿ ವಾಪಸ್ ಬರುತ್ತೆ ಮೇಡಂ. ಒಂದು ರುಪಿಯಾನೂ ಕಮ್ಮಿ ಆಗಲ್ಲ," ಎಂದಳು. ಜುಮ್ರಿಯಾ ಅರ್ಜಿಯನ್ನು ಅಲ್ಲೇ ಬಿಟ್ಟು ಎದ್ದು ಬಂದಳು.

ತೊಂಪೊ ಬಿಳಿ ಟೋಪಿ ಹಾಕಿಕೊಂಡು ಮರಳಿದ ದಿನ ಅವನ ಮನೆಯ ಮೆಟ್ಟಿಲ ಮೇಲೆ ಕಾಲಿಡಲು ಜಾಗವಿರಲಿಲ್ಲ. ಎಲ್ಲರದೂ ಒಂದೇ ಪ್ರಶ್ನೆ. "ನನ್ನ ಹೆಸರು ಕೂಗಿದ್ರಾ?" "ನನ್ನ ಸೊಸೇದು?" ಹೋದವರು ಅಲ್ಲಿ ನಿಂತು ಉಳಿದವರ ಹೆಸರು ಹಿಡಿದು ಕೂಗಿದರೆ ದೇವರು ಅವರನ್ನೂ ಕರೆಸಿಕೊಳ್ಳುತ್ತಾನೆ ಎಂದು ನಮ್ಮ ಕಡೆ ನಂಬಿಕೆ. ತೊಂಪೊ ಹೆಸರುಗಳನ್ನು ಬರೆದುಕೊಂಡಿದ್ದ ಪುಟ್ಟ ಪುಸ್ತಕ ತೆಗೆದು, "ಕೂಗಿದೀನಿ, ಗಂಟಲು ಹರಿಯೋ ಹಾಗೆ ಕೂಗಿದೀನಿ, ಹೋಗ್ರಪ್ಪ," ಎನ್ನುತ್ತಿದ್ದ. ಜುಮ್ರಿಯಾಳನ್ನು ಕಂಡ ಕೂಡಲೇ ಪುಸ್ತಕ ಮಡಚಿ ಜೇಬಿಗಿಟ್ಟ. ಅವಳನ್ನು ಒಳಗೆ ಕರೆದು ಚಾಪೆಯ ಮೇಲೆ ಕೂರಿಸಿದ.

"ನಿಮ್ಮಪ್ಪ ಒಂದೇ ಹೆಸರು ಬರೆಸಿದ್ದ ಮಗಾ," ಎಂದ. "ನಿಂದು."

ಅವಳು ತಲೆಯೆತ್ತಿದಳು.

"ನಾನು ಬೈದೆ. ಹದಿನಾರು ವರ್ಷದ ಸಾಲಲ್ಲಿ ನಿಂತಿರೋನು ನೀನು ಕಣೋ, ನಿನ್ನ ಹೆಸರು ಬರೆಸು ಅಂದೆ. ನಂದು ಬೇಡ ಅಂದ. 'ನನ್ನ ಹುಡುಗಿ ಒಂದು ವರ್ಷದಿಂದ ನನ್ನ ಜೊತೆ ಕೂತು ಊಟ ಮಾಡಿಲ್ಲ. ನಾನು ಬದುಕಲಿ ಅಂತ ಮಾಡಿದ್ಲು ಅದು. ಅವಳ ಮುಂದೆ ಹೇಳೋಕೆ ನನಗೆ ಬಾಯಿ ಬರಲ್ಲ, ನೀನು ಅಲ್ಲಿ ಹೇಳು,' ಅಂದ. ಹೇಳಿದೆ. ದೇವರ ಮನೆ ಸುತ್ತೋವಾಗ ಏಳು ಸುತ್ತಿಗೂ ನಿನ್ನ ಹೆಸರು ಕೂಗಿದೆ."

ಜುಮ್ರಿಯಾಳಿಗೆ ಅಳು ಒತ್ತರಿಸಿ ಬಂತು. ಹೊರಗೆ ಜನ ನಗುತ್ತಿದ್ದರು, ಖರ್ಜೂರ ಹಂಚುತ್ತಿದ್ದರು. ಅವಳು ತಲೆವಸ್ತ್ರದ ಅಂಚಿನಿಂದ ಬಾಯಿ ಮುಚ್ಚಿಕೊಂಡು ಬಿಕ್ಕಿದಳು. ಬಹಳ ಹೊತ್ತಾದ ಮೇಲೆ, "ಅವರದ್ದು?" ಎಂದು ಕೇಳಿದಳು. "ತೆತ್ತಾ ಹೆಸರು ಒಂದು ಸಲನಾದ್ರೂ ಕೂಗಿದ್ರಾ?"

ತೊಂಪೊ ಹೊಸ ಟೋಪಿಯನ್ನು ತಲೆಯಿಂದ ತೆಗೆದು ಮಡಿಲಲ್ಲಿಟ್ಟುಕೊಂಡ. ಅದರ ಅಂಚನ್ನು ತಿರುವುತ್ತ ಕೂತ.

"ಇಲ್ಲ ಮಗಾ," ಎಂದ. "ಬೇಡ ಅಂದಿದ್ದನಲ್ಲ. ಇರಲಿ, ಅವನ ಸರದಿಗೆ ಇನ್ನೂ ಟೈಮಿದೆ ಅಂದ್ಕೊಂಡೆ."